ಬಾಯಿ ಕಟ್ಟಿಹೋದ ಎರಡು ವಾರ: ಸ್ಪ್ಯಾನಿಷ್ ಕಲಿಯಲು ಹೋದ ವಿದ್ಯಾರ್ಥಿನಿಯ ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಊರು, ವಯಸ್ಸು ಮತ್ತು ಕೋರ್ಸಿನ ಕೆಲವು ವಿವರಗಳನ್ನು ಬದಲಿಸಿದೆ. ಪ್ರಕಟಣೆಗೆ ಆಕೆಯ ಒಪ್ಪಿಗೆ ಇದೆ.)

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯ ಹುಡುಗಿ. ಶಿವಮೊಗ್ಗದಲ್ಲಿ ಪದವಿಯ ಎರಡನೇ ವರ್ಷ ಮುಗಿಸಿ, ಆರು ವಾರದ ಸ್ಪ್ಯಾನಿಷ್ ಕೋರ್ಸಿಗೆಂದು ಜೂನ್ ಕೊನೆಗೆ ಸ್ಪೇನಿನ ಸಲಮಾಂಕಕ್ಕೆ ಹೋದಳು. 1218ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯದ ಊರದು. ವಾಸ ಒಂದು ಸ್ಪ್ಯಾನಿಷ್ ಕುಟುಂಬದ ಜೊತೆ. ಎರಡನೇ ವಾರ ಮುಗಿಯುವಾಗ ವಿಡಿಯೋ ಕರೆಯಲ್ಲಿ ಸಿಕ್ಕವಳ ಮೊದಲ ಮಾತೇ ಇದು: "ನಂಗೆ ಬಾಯೇ ಬರ್ತಿಲ್ಲ ಮೇಡಂ. ಟಿಕೆಟ್ ಬದಲಾಯಿಸಿ ವಾಪಸ್ ಬರ್ತೀನಿ. ಅಪ್ಪಯ್ಯಂಗೆ ನೀವೇ ಹೇಳಿ."

ವಾಪಸ್ ಬರುವ ಪ್ರಶ್ನೆಗೆ ಮೊದಲು ಕೇಳಬೇಕಾದ್ದು ಬೇರೆ ಇತ್ತು. ನಿದ್ದೆ ಎಷ್ಟು, ಊಟ ಏನು, ಮನೆಯಲ್ಲಿ ಯಾರಿಂದಲಾದರೂ ತೊಂದರೆ ಇದೆಯೇ, ಸಾಯುವ ಯೋಚನೆ ಬಂದಿದೆಯೇ. ಕೊನೆಯದನ್ನು ಸುತ್ತಿಬಳಸದೆ ನೇರವಾಗಿಯೇ ಕೇಳಬೇಕು. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಈಕೆಗೆ ಅಂಥ ಯೋಚನೆಯೇನೂ ಇರಲಿಲ್ಲ. ಇದ್ದಿದ್ದರೆ ಅಲ್ಲಿನ ತುರ್ತು ಸಂಖ್ಯೆ 112, ಶಾಲೆಯ ಸಂಯೋಜಕರು, ವಿಮೆಯಲ್ಲಿ ಸಿಗುವ ವೈದ್ಯರು ಎಂದು ದಾರಿಯೇ ಬೇರೆಯಾಗುತ್ತಿತ್ತು.

ನಿದ್ದೆ ಮತ್ತು ಊಟ, ಎರಡೂ ಕೆಟ್ಟಿದ್ದವು. ಬೇಸಿಗೆಯಲ್ಲಿ ಸ್ಪೇನು ನಮಗಿಂತ ಮೂರೂವರೆ ಗಂಟೆ ಹಿಂದೆ. ಬೆಳಿಗ್ಗೆ ಆರಕ್ಕೆ ಒಲೆ ಹಚ್ಚಿ ಅಮ್ಮ ಫೋನು ಮಾಡಿದರೆ ಅಲ್ಲಿ ರಾತ್ರಿ ಎರಡೂವರೆ. ಹುಡುಗಿ ದಿನಾ ಎದ್ದು ಮಾತಾಡುತ್ತಿದ್ದಳು. ಸಲಮಾಂಕದಲ್ಲಿ ಜುಲೈ ತಿಂಗಳ ಸೂರ್ಯ ಮುಳುಗುವುದೇ ಒಂಬತ್ತೂಮುಕ್ಕಾಲರ ಹೊತ್ತಿಗೆ, ರಾತ್ರಿಯೂಟ ಒಂಬತ್ತೂವರೆಗೆ. ಮಲಗುವಾಗಲೇ ಹನ್ನೊಂದೂವರೆ, ನಡುವೆ ಒಂದು ಗಂಟೆ ಎಚ್ಚರ, ಒಂಬತ್ತಕ್ಕೆ ತರಗತಿ. ಆಡುವವರ ಮಾತು ವೇಗವಾಗಿದೆ ಎಂದು ಆಕೆಗೆ ಅನಿಸಿದ್ದರಲ್ಲಿ ಅರ್ಧ ಪಾಲು ಈ ನಿದ್ದೆಗೇಡಿನದು ಎಂಬುದು ನಮ್ಮ ಅಂದಾಜು.

ಊಟದ ಕಥೆ ಇನ್ನೂ ಕಷ್ಟದ್ದು. 'ಸಿನ್ ಕಾರ್ನೆ', ಅಂದರೆ ಮಾಂಸ ಬೇಡ ಎಂದು ಮೊದಲ ದಿನ ಹೇಳಿದ್ದಳು. ಅಷ್ಟು ಹೇಳಿದರೆ ಅಲ್ಲಿ ಮೀನು, ಹಂದಿಮಾಂಸದ ತೆಳು ಚೂರು, ಮಾಂಸ ಬೇಯಿಸಿದ ನೀರಿನ ಸೂಪು ಬರುವುದುಂಟು. ಮನೆಯೊಡತಿ ಪ್ರೀತಿಯಿಂದ ಟ್ಯೂನಾ ಮೀನು ಹಾಕಿದ ಸಲಾಡ್ ಇಟ್ಟರು. ಹುಡುಗಿ 'ಸಿ, ಸಿ', ಅಂದರೆ ಹೌದು ಹೌದು ಎಂದು ತಲೆಯಾಡಿಸಿ, ಬ್ರೆಡ್ ತಿಂದು, ಹಸಿವಿಲ್ಲ ಎಂದು ಕೋಣೆ ಸೇರಿದಳು. ಮರುದಿನವೂ ಹಾಗೆಯೇ ಆಯಿತು. ಆಕೆ ಮಾತಾಡಬಹುದಾಗಿದ್ದ ಒಂದೇ ಒಂದು ಜಾಗ, ಆ ಊಟದ ಮೇಜು, ಹೀಗೆ ಕೈತಪ್ಪಿತು.

ತರಗತಿಯಲ್ಲೂ ಪೇಚು. ಪ್ರವೇಶದ ಲಿಖಿತ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದು ಬಿ1 ಹಂತಕ್ಕೆ ಹಾಕಿದ್ದರು (ಯುರೋಪಿನ ಭಾಷಾ ಮಟ್ಟಗಳು ಎ1, ಎ2, ಬಿ1 ಎಂದು ಮೇಲೇರುತ್ತವೆ). 'ಬಂದೆ, ಬಂದಳು' ಎಂದು ಕ್ರಿಯಾಪದದ ಕೊನೆಯಲ್ಲೇ ಯಾರು ಎಂದು ಹೇಳುವ ಭಾಷೆಯವರಿಗೆ ಸ್ಪ್ಯಾನಿಷ್ ಕ್ರಿಯಾರೂಪಗಳ ತತ್ವ ಬೇಗ ಹತ್ತುತ್ತದೆ, ಬರವಣಿಗೆಯಲ್ಲಿ ಗೆಲ್ಲುತ್ತಾರೆ. ಮಾತಿನಲ್ಲಿ ಆಕೆ ಎ2 ಮಟ್ಟವನ್ನೂ ಮುಟ್ಟಿರಲಿಲ್ಲ.

ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಬಹುಮಾನ ತಂದ ಹುಡುಗಿ ಇವಳು. ಹಾಗಾಗಿ ಇದು ಅವಳ ಸ್ವಭಾವದ ಸಂಕೋಚವಲ್ಲ. ಕಲಿಯುವ ಭಾಷೆಗೇ ಅಂಟಿಕೊಂಡ ಆತಂಕ ಎಂಬುದೊಂದಿದೆ. ಭಾಷಾಕಲಿಕೆಯ ಸಂಶೋಧಕಿ ಎಲೇನ್ ಹಾರ್ವಿಟ್ಸ್ ಮತ್ತು ಸಂಗಡಿಗರು 1986ರಲ್ಲಿ ಅದನ್ನು ಅಳೆಯಲು 33 ಹೇಳಿಕೆಗಳ ಮಾಪಕವನ್ನೇ ಮಾಡಿದರು. ತಪ್ಪಿಸಿಕೊಂಡ ಕೂಡಲೇ ಸಿಗುವ ನಿರಾಳತೆಯೇ ಈ ಆತಂಕಕ್ಕೆ ಗೊಬ್ಬರ. ಕೋಣೆಯ ಬಾಗಿಲು ಹಾಕಿದಾಗ ಎದೆ ಹಗುರಾಯಿತು, ಮರುದಿನ ಮೇಜಿನ ಬಳಿ ಕೂರುವುದು ಇನ್ನಷ್ಟು ಕಷ್ಟವಾಯಿತು.

ಟಿಕೆಟ್ ವಿಷಯವನ್ನು ಹತ್ತು ದಿನ ಮುಂದೆ ಹಾಕೋಣ, ಆಮೇಲೂ ಬೇಕೆನಿಸಿದರೆ ಅಪ್ಪಯ್ಯನ ಜೊತೆ ನಾವೇ ಮಾತಾಡುತ್ತೇವೆ ಎಂದೆವು. ಈ ಮಾತು ಸುಮ್ಮನೆ ಸಮಾಧಾನಕ್ಕೆ ಹೇಳಿದ್ದಲ್ಲ. ಬಾಗಿಲು ತೆರೆದಿದೆ ಎಂದು ಗೊತ್ತಿದ್ದರೆ ಮಾತ್ರ ಅಭ್ಯಾಸ ಸಾಧ್ಯ.

ನಂತರ ಹೆದರಿಕೆಯ ಪಟ್ಟಿ ಬರೆಸಿದೆವು, ಪ್ರತಿಯೊಂದಕ್ಕೂ ಸೊನ್ನೆಯಿಂದ ನೂರರವರೆಗೆ ಅಂಕ. ಕಾಫಿ ಕೇಳುವುದು 25, ಹಣ್ಣಿನಂಗಡಿಯಲ್ಲಿ ಬೆಲೆ ವಿಚಾರಿಸುವುದು 35, ಔಷಧಿ ಅಂಗಡಿ 50, ಮೇಜಿನಲ್ಲಿ ದಿನದ ಒಂದು ಸಂಗತಿಯನ್ನು ಮೂರು ವಾಕ್ಯದಲ್ಲಿ ಹೇಳುವುದು 65, ಊಟದ ವಿಷಯ ಬಿಡಿಸಿ ಹೇಳುವುದು 80, ಫೋನಿನಲ್ಲಿ ಸ್ಪ್ಯಾನಿಷ್ 95. ಕೆಳಗಿನಿಂದ ಶುರು. ಒಂದೇ ಕೆಲಸವನ್ನು ದಿನಕ್ಕೆರಡು ಸಲ, ಅಂಕ ಅರ್ಧಕ್ಕೆ ಇಳಿಯುವವರೆಗೆ, ಆಮೇಲೆ ಮುಂದಿನದು. ಅನುವಾದದ ಆ್ಯಪ್ ಜೇಬಿನಲ್ಲೇ ಇರಬೇಕು. ಅರ್ಥವಾಗದೆ 'ಸಿ' ಎನ್ನಬಾರದು. ಇದನ್ನು ಬಿಡಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಅದರ ಬದಲಿಗೆ ಮೂರು ವಾಕ್ಯ ಬಾಯಿಪಾಠ: 'ಮಾಸ್ ದೆಸ್ಪಾಸಿಯೋ, ಪೋರ್ ಫಾವೋರ್' ಎಂದರೆ ಇನ್ನೂ ನಿಧಾನ, ದಯವಿಟ್ಟು, 'ನೋ ಎಂತಿಯೆಂದೋ' ಎಂದರೆ ಅರ್ಥವಾಗುತ್ತಿಲ್ಲ, 'ಕೋಮೋ ಸೆ ದೀಸೆ' ಎಂದರೆ ಇದಕ್ಕೆ ಏನನ್ನುತ್ತಾರೆ.

ಊಟದ ಮಾತನ್ನು ಮೊದಲು ಬರೆದು, ಶಿಕ್ಷಕರಿಂದ ತಿದ್ದಿಸಿ, ಚೀಟಿ ಮನೆಯೊಡತಿಗೆ ಕೊಟ್ಟು, ಜೋರಾಗಿ ಓದಲು ಹೇಳಿದೆವು: ಮಾಂಸ, ಮೀನು, ಹಂದಿಮಾಂಸ, ಮಾಂಸದ ಸೂಪು ತಿನ್ನುವುದಿಲ್ಲ, ಮೊಟ್ಟೆ, ಹಾಲು, ಬೇಳೆಕಾಳು, ತರಕಾರಿ ತಿನ್ನುತ್ತೇನೆ. ತಿನ್ನುವುದರ ಪಟ್ಟಿ ಇಲ್ಲದೆ ತಿನ್ನದ್ದರ ಪಟ್ಟಿ ಕೊಟ್ಟರೆ ಅಡುಗೆ ಮಾಡುವವರು ಕಂಗಾಲಾಗುತ್ತಾರೆ. ಆ ವಾರದಿಂದ ಮೇಜಿಗೆ ಆಲೂಗಡ್ಡೆ ಆಮ್ಲೆಟ್ಟು, ತಣ್ಣನೆಯ ಟೊಮೆಟೊ ಸೂಪು ಗಸ್ಪಾಚೊ ಬಂದವು. ಮಾತೂ ಅಲ್ಲಿಂದಲೇ ಬಂತು. ತರಗತಿಯನ್ನು ಎ2ಗೆ ಇಳಿಸಿಕೊಳ್ಳಲು ಸಂಯೋಜಕರಿಗೆ ಪತ್ರ ಬರೆದಳು. ಇಳಿಯುವುದು ಅವಮಾನ ಎಂದು ತುಂಬಾ ತಡೆದಿದ್ದಳು. ಮೊದಲ ವಾರದಲ್ಲೇ ಕೇಳಿದ್ದರೆ ಇನ್ನೂ ಸುಲಭವಾಗುತ್ತಿತ್ತು.

ಅಮ್ಮನ ಜೊತೆಗೂ ಕೂತು ಮಾತಾಡಿದೆವು. "ಆಗ್ದೇ ಇದ್ರೆ ಬಂದ್ಬಿಡೆ ಮಗಾ" ಎಂದು ಅವರು ದಿನಾ ಹೇಳುತ್ತಿದ್ದುದು ಕರುಳಿನ ಮಾತೇ, ಆದರೆ ಮಗಳ ಕಿವಿಗೆ ಅದು 'ನಿನ್ನಿಂದಾಗದು' ಎಂದು ಕೇಳುತ್ತಿತ್ತು. ಕರೆಯ ಹೊತ್ತನ್ನು ಇಲ್ಲಿನ ರಾತ್ರಿ ಒಂಬತ್ತಕ್ಕೆ, ಅಂದರೆ ಅಲ್ಲಿನ ಸಂಜೆ ಐದೂವರೆಗೆ ಬದಲಿಸಿದೆವು. ದಿನ ಬಿಟ್ಟು ದಿನ, ಹದಿನೈದು ನಿಮಿಷ. ಜುಲೈ ಮಳೆಗೆ ಕರೆಂಟು, ನೆಟ್‌ವರ್ಕ್ ಹೋಗುವುದು ಮಲೆನಾಡಿನಲ್ಲಿ ಮಾಮೂಲು. ಕರೆ ಸಿಗದಿದ್ದರೆ ಧ್ವನಿ ಸಂದೇಶ ಸಾಕು, ಗಾಬರಿ ಬೇಡ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸುವ ಖರ್ಚನ್ನು ಆ ಕರೆಯಲ್ಲಿ ಎತ್ತಬೇಡಿ ಎಂದು ಅಪ್ಪಯ್ಯನಿಗೂ ಹೇಳಬೇಕಾಯಿತು. ದುಡ್ಡು ಹಾಳು ಮಾಡುತ್ತಿದ್ದೇನೆ ಎಂಬ ಭಾವನೆ ಆಕೆಗೆ ಮೊದಲೇ ಸಾಕಷ್ಟಿತ್ತು.

ಟಿಕೆಟ್ ಬದಲಾಗಲಿಲ್ಲ. ಕೋರ್ಸ್ ಮುಗಿಯುವಾಗ ಊಟದ ಮೇಜಿನ ಅಂಕ 65ರಿಂದ 20ಕ್ಕೆ ಇಳಿದಿತ್ತು. ಫೋನಿನದು 70ರಲ್ಲೇ ನಿಂತಿತು.

ಊರಿಗೆ ಬಂದ ಮೇಲೆ ಇನ್ನೊಂದು ಪರೀಕ್ಷೆ. ಮನೆಯ ಕಾರ್ಯಕ್ಕೆ ಬಂದ ನೆಂಟರೆಲ್ಲ "ಎಲ್ಲಿ, ಸ್ಪ್ಯಾನಿಷ್ ಮಾತಾಡಿ ತೋರ್ಸು" ಎನ್ನುತ್ತಾರೆ. ಒಂದೆರಡು ವಾಕ್ಯ ಹೇಳಿ ಮಾತು ಬದಲಿಸು, ಬೇಡವೆನಿಸಿದರೆ ಬೇಡ ಎನ್ನು ಎಂದೆವು. ಶಿವಮೊಗ್ಗದ ಬೀದಿಯಲ್ಲಿ ಸ್ಪ್ಯಾನಿಷ್ ಕಿವಿಗೆ ಬೀಳುವುದಿಲ್ಲ, ಬಳಸದಿದ್ದರೆ ಮೊದಲು ಕೈಕೊಡುವುದು ಮಾತೇ. ಆದ್ದರಿಂದ ವಾರಕ್ಕೆರಡು ದಿನ ಅರ್ಧರ್ಧ ಗಂಟೆ ಆನ್‌ಲೈನ್ ಸಂಭಾಷಣೆ, ತಿಂಗಳಿಗೊಮ್ಮೆ ಸಲಮಾಂಕದ ಮನೆಯೊಡತಿಗೆ ಫೋನು. ಪಟ್ಟಿಯಲ್ಲಿ ಉಳಿದಿದ್ದ ಕೆಲಸವೂ ಅದೇ ತಾನೆ. ಸ್ಪೇನ್ ಸರ್ಕಾರದ ಭಾಷಾ ಸಂಸ್ಥೆ ಇನ್‌ಸ್ಟಿಟ್ಯೂಟೊ ಸೆರ್ವಾಂಟೆಸ್ ನಡೆಸುವ ಸ್ಪ್ಯಾನಿಷ್ ಮಟ್ಟದ ಪರೀಕ್ಷೆ ಡೆಲೆಗೆ ಕೂರುವ ಆಸೆ ಆಕೆಗಿದೆ. ಬಿ1 ಬೇಡ, ಎ2 ತೆಗೆದುಕೊ ಎಂಬುದು ನಮ್ಮ ಸಲಹೆ. ಅದರಲ್ಲಿ ಓದು-ಬರಹಕ್ಕೆ 50, ಕೇಳು-ಮಾತಿಗೆ 50. ಎರಡರಲ್ಲೂ ಬೇರೆಬೇರೆಯಾಗಿ 30 ಬರಬೇಕು. ಬರವಣಿಗೆಯ ಅಂಕ ಎಷ್ಟೇ ಇದ್ದರೂ ಮಾತಿನ ಕೊರತೆಯನ್ನು ತುಂಬಲಾರದು. ಈಗ ಆಕೆಯ ತಯಾರಿಯ ಹೆಚ್ಚಿನ ಹೊತ್ತು ಗಟ್ಟಿಯಾಗಿ ಮಾತಾಡುವುದಕ್ಕೇ ಹೋಗುತ್ತಿದೆ.