ಸಾರು ಸುರಿದುಕೊಂಡು ಪಲ್ಯ ಬಿಟ್ಟರೆ ನಾರು ಎಲ್ಲಿಂದ ಬರಬೇಕು?

ಬೆಳಗ್ಗೆ ಇಡ್ಲಿ, ಎರಡು ಹೊತ್ತು ಅನ್ನ ಸಾರು, ಹೊಟ್ಟೆ ಮಾತ್ರ ಸರಿಯಾಗಿ ಹೋಗುತ್ತಿಲ್ಲ, ನಾರಿನಂಶಕ್ಕೆ ಯಾವ ಪುಡಿ ತರಲಿ ಅಂತ ಕೇಳಿದ್ದೀರಿ. ಪುಡಿ ವಿಷಯ ಆಮೇಲೆ. ಎರಡು ವರ್ಷದ ಹಿಂದೆ ನನ್ನ ಪಾಡೂ ಇದೇ ಆಗಿತ್ತು.

ನಾರು ನಮ್ಮ ಅಡುಗೆಮನೆಯಲ್ಲೇ ಇದೆ, ನಾವೇ ಅದನ್ನು ಬಿಸಾಡುತ್ತೇವೆ. ಬಸ್ಸಾರನ್ನೇ ನೋಡಿ. ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿನಲ್ಲಿ ಸಾರು ಮಾಡುತ್ತೇವೆ, ನಾರಿನ ಬಹುಪಾಲು ಉಳಿಯುವುದು ಪಲ್ಯದಲ್ಲಿ. ನಾನೋ, ಸಾರಿಗೆ ಮೂರು ಸಲ ಅನ್ನ ಹಾಕಿಸಿಕೊಂಡು ಪಲ್ಯವನ್ನು ಒಂದು ಚಮಚ ನಂಚಿಕೊಳ್ಳುತ್ತಿದ್ದೆ. ಈಗ ಪಲ್ಯ ಒಂದು ಬಟ್ಟಲು ತುಂಬಾ, ಅನ್ನ ಒಂದೇ ಸಲ. ಇಷ್ಟರಲ್ಲೇ ಅರ್ಧ ಸಮಸ್ಯೆ ಕಳೆಯಿತು.

ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಸುಮಾರು 30 ಗ್ರಾಂ ನಾರು ಬೇಕು. 100 ಗ್ರಾಂ ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ, ಅಷ್ಟೇ ರಾಗಿಯಲ್ಲಿ 11ರ ಹತ್ತಿರ ಇದೆ. ರಾತ್ರಿ ಒಂದು ಮುದ್ದೆ ಮಾಡಿಕೊಳ್ಳಿ. ಆದರೆ ಹಿಟ್ಟನ್ನು ಸಣ್ಣ ಜರಡಿಯಲ್ಲಿ ಜಾಲಿಸಬೇಡಿ, ಹೊಟ್ಟಿನ ಜೊತೆ ನಾರೂ ಹೋಗುತ್ತದೆ. ಹೆಸರುಬೇಳೆಗಿಂತ ಸಿಪ್ಪೆ ಇರುವ ಹೆಸರುಕಾಳು ಒಳ್ಳೆಯದು. ಹಿತಕಿದ ಅವರೆಯಲ್ಲೂ ಸಿಪ್ಪೆ ಬಿಸಾಡುತ್ತೇವೆ ನಿಜ, ಆದರೆ ಅದನ್ನು ಬಿಡಿ ಅಂತ ಮಾತ್ರ ನಾನು ಹೇಳಲಾರೆ! ಸಂಜೆ ಬೋಂಡಾ ಬದಲು ಒಂದು ಸೀಬೆಹಣ್ಣು ತಿನ್ನಿ, ಬೀಜದ ಸಮೇತ.

ಒಂದೇ ದಿನ ಎಲ್ಲ ಶುರು ಮಾಡಬೇಡಿ. ನಾನು ಹುಮ್ಮಸ್ಸಿನಲ್ಲಿ ಬೆಳಗ್ಗೆ ನೆನೆಸಿದ ಕಡಲೆಕಾಳು, ಮಧ್ಯಾಹ್ನ ಹುರುಳಿಕಾಳು, ರಾತ್ರಿ ಮುದ್ದೆ ಅಂತ ಹೊರಟೆ, ಮೂರನೇ ದಿನ ಆಫೀಸ್ ಮೀಟಿಂಗಿನಲ್ಲಿ ಹೊಟ್ಟೆ ಗುಡುಗಿದ್ದು ಪಕ್ಕದವರಿಗೂ ಕೇಳಿಸಿತು. ವಾರಕ್ಕೊಂದು ಬದಲಾವಣೆ ಸಾಕು. ನೀರು ಜಾಸ್ತಿ ಕುಡಿಯಿರಿ, ನಾರು ಹೆಚ್ಚಿಸಿ ನೀರು ಮರೆತರೆ ಮಲ ಇನ್ನೂ ಗಟ್ಟಿಯಾಗುತ್ತದೆ. ರಕ್ತ ಕಂಡರೆ, ತೂಕ ಸುಮ್ನೆ ಇಳಿಯುತ್ತಿದ್ದರೆ ಡಾಕ್ಟರ ಹತ್ತಿರ ಹೋಗಿ, ಊಟ ಬದಲಿಸುತ್ತಾ ಕೂರಬೇಡಿ.

ಇನ್ನು ಪುಡಿ. ಊರಿಗೆ ಹೋದಾಗ, ಹೋಟೆಲ್ ಊಟವೇ ಗತಿಯಾದಾಗ ನಾನೂ ಇಸಬ್ಗೋಲ್ ತಗೊಳ್ತೀನಿ. ದೊಡ್ಡ ಲೋಟ ನೀರಿಗೆ ಹಾಕಿ ಕಲಕಿದ ತಕ್ಷಣ ಕುಡಿದುಬಿಡಬೇಕು, ಬಿಟ್ಟರೆ ಗಂಜಿಯ ಹಾಗೆ ಗಟ್ಟಿಯಾಗಿ ಗಂಟಲಲ್ಲಿ ಇಳಿಯುವುದಿಲ್ಲ.