ಬಂಡೆಯ ಸಂದಿಯಲ್ಲೂ ಮಾವಿನ ನೆರಳಲ್ಲೂ ಬಾಳುವ ಹೂಗಿಡಗಳು ಯಾವುವು?

ತುಮಕೂರಿನ ಹತ್ತಿರ ಮನೆ, ಮುಂದೆ ಒಡೆಸಲು ಮನಸ್ಸಿಲ್ಲದ ಬಂಡೆ, ಹಿಂದೆ ಹಳೇ ಮಾವಿನ ಮರ. ಪ್ರತಿ ವರ್ಷ ಸೀಸನ್ ಗಿಡ ತಂದು ತಂದು ಸಾಕಾಗಿದೆ, ಒಮ್ಮೆ ನೆಟ್ಟರೆ ಐದಾರು ವರ್ಷ ತಾನೇ ಹೂ ಬಿಡುವ ಗಟ್ಟಿ ಗಿಡ ಯಾವುದು ಅಂತ ಕೇಳಿದ್ದೀರಿ. ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಕಡೆ, ಹದಿನಾಲ್ಕು ವರ್ಷದಿಂದ ಇರುವುದು ನಿಮ್ಮದೇ ಜಿಲ್ಲೆಯಲ್ಲಿ. ನಮ್ಮ ಅಂಗಳದಲ್ಲೂ ಬಂಡೆ ಇದೆ, ಹಿತ್ತಲಲ್ಲಿ ಮಾವೂ ಇದೆ. ಅಮ್ಮನ ತೋಟ ನೋಡಿ ಕಲಿತದ್ದರಲ್ಲಿ ಅರ್ಧ ಇಲ್ಲಿ ಉಪಯೋಗಕ್ಕೆ ಬರಲಿಲ್ಲ. ಉಳಿದದ್ದನ್ನು ಗಿಡ ಸಾಯಿಸಿ ಕಲಿತೆ.

ಮೊದಲಿಗೆ, ಇಂಟರ್ನೆಟ್ಟಿನಲ್ಲಿ ಸಿಗುವ ರಾಕ್ ಗಾರ್ಡನ್ ಪಟ್ಟಿಗಳನ್ನು ಪಕ್ಕಕ್ಕಿಡಿ. ಹೋಸ್ಟಾ, ಸ್ಯಾಕ್ಸಿಫ್ರೇಜ್ ಅಂತೆಲ್ಲ ಇರುತ್ತದಲ್ಲ, ಅವೆಲ್ಲ ಹಿಮ ಬೀಳುವ ಊರಿನವರು ಬರೆದದ್ದು. ಅಲ್ಲಿ ಗಟ್ಟಿ ಗಿಡ ಅಂದರೆ ಮಣ್ಣು ಹೆಪ್ಪುಗಟ್ಟಿದರೂ ಸಾಯದ್ದು. ಹೋಸ್ಟಾಕ್ಕಂತೂ ಚಳಿಗಾಲದ ನಿದ್ದೆಯೇ ಬೇಕು, ಅದನ್ನು ನಮ್ಮಲ್ಲಿ ಎಲ್ಲಿಂದ ತರೋಣ? ನಮ್ಮ ಗಿಡಕ್ಕೆ ಬೇರೆಯೇ ಪರೀಕ್ಷೆ. ಏಪ್ರಿಲ್‌ನಲ್ಲಿ ಬಂಡೆ ಕಾದ ಕಾವಲಿ ಆಗಿರುತ್ತದೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಅದೇ ಜಾಗದಲ್ಲಿ ವಾರಗಟ್ಟಲೆ ಮಳೆನೀರು ನಿಂತಿರುತ್ತದೆ. ಎರಡನ್ನೂ ದಾಟಿದ್ದೇ ನಮಗೆ ಗಟ್ಟಿ.

ಹಾಗಾಗಿ ನರ್ಸರಿಗೆ ಹೋದಾಗ ಹೂ ನೋಡಿ ಮರುಳಾಗುವ ಮೊದಲು ಬೇರು ನೋಡಿ. ಈ ಗಿಡ ನೀರನ್ನು ಎಲ್ಲಿ ಕೂಡಿಡುತ್ತದೆ? ಗೆಡ್ಡೆಯಲ್ಲೋ, ದಪ್ಪ ಕಾಂಡದಲ್ಲೋ, ಅಥವಾ ಎಲ್ಲೂ ಇಲ್ಲವೋ? ಮಳೆಗಾಲದಲ್ಲಿ ಒಂದು ಭಾನುವಾರ ದೇವರಾಯನದುರ್ಗಕ್ಕೆ ಹೋದರೆ ಬಂಡೆ ಸಂದಿಗಳನ್ನು ನೋಡಿಕೊಂಡು ಬನ್ನಿ. ಅಲ್ಲಿ ಬೆಳೆದಿರುವವು ಒಂದೋ ದಪ್ಪ ಎಲೆಯವು, ಇಲ್ಲ ಗೆಡ್ಡೆಯವು, ಇಲ್ಲವೇ ಮಳೆಯೊಂದಿಗೆ ಹುಟ್ಟಿ ಮಳೆಯೊಂದಿಗೆ ಹೋಗುವವು. ನಿಮ್ಮ ಅಂಗಳದ ಬಂಡೆಗೂ ಅದೇ ಲೆಕ್ಕ.

ಬಂಡೆಯ ಬಗ್ಗೆ ನನಗೆ ತಡವಾಗಿ ಹೊಳೆದ ಒಂದು ವಿಷಯ ಇದೆ. ಮಾರ್ಚ್ ತಿಂಗಳಲ್ಲಿ ರಾತ್ರಿ ಎಂಟು ಗಂಟೆಗೆ ಅದರ ಮೇಲೆ ಅಂಗೈ ಇಟ್ಟು ನೋಡಿ, ಇನ್ನೂ ಬೆಚ್ಚಗಿರುತ್ತದೆ. ಗಿಡಕ್ಕೆ ಹಗಲಿನ ಬಿಸಿಲಿಗಿಂತ ಈ ರಾತ್ರಿಯ ಕಾವೇ ಕಷ್ಟ. ಅದೂ ಪಡುವಣ ಮಗ್ಗುಲಲ್ಲಿ ಹೆಚ್ಚು. ಒಂದೇ ತಾಯಿಗಿಡದಿಂದ ಕಿತ್ತ ಎರಡು ಕನಕಾಂಬರ ಸಸಿಗಳನ್ನು ಒಂದೇ ದಿನ ಬಂಡೆಯ ಮೂಡಣಕ್ಕೊಂದು, ಪಡುವಣಕ್ಕೊಂದು ನೆಟ್ಟಿದ್ದೆ. ಮೂಡಣದ್ದು ಇವತ್ತಿಗೂ ಇದೆ. ಪಡುವಣದ್ದರ ಎಲೆ ಅಂಚಿನಿಂದ ಒಳಕ್ಕೆ ಕಂದುತ್ತಾ ಬಂದು, ಯುಗಾದಿ ಹೊತ್ತಿಗೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಆದ್ದರಿಂದ ಪಡುವಣಕ್ಕೆ ಮುಳ್ಳು, ಹಾಲು ಇರುವ ಜಾತಿ. ಮೂಡಣಕ್ಕೆ ಮೆದು ಎಲೆಯವು.

ಇನ್ನು ನೀರು ಬಸಿಯುವುದು. ಬಂಡೆ ಸಂದಿಯಲ್ಲಿ ಗುಂಡಿ ಕಂಡಾಕ್ಷಣ ಮಣ್ಣು ತುಂಬಬೇಡಿ, ಮೊದಲು ಒಂದು ಬಕೆಟ್ ನೀರು ಸುರಿದು ಕಾಫಿ ಕುಡಿದು ಬನ್ನಿ. ಅಷ್ಟರಲ್ಲಿ ಇಂಗಿದ್ದರೆ ಸರಿ. ಕೆರೆಯ ಹಾಗೆ ನಿಂತೇ ಇದ್ದರೆ ಅದು ಹೂಗಿಡದ ಜಾಗ ಅಲ್ಲ, ಹಕ್ಕಿಗಳಿಗೆ ನೀರು ಕುಡಿಯಲು ಬಿಟ್ಟುಬಿಡಿ. ನಾನು ಈ ಪರೀಕ್ಷೆ ಮಾಡದೆ ಒಂದು ಅಡೇನಿಯಂ ನೆಟ್ಟೆ. ಬುಡ ಕುಂಬಳಕಾಯಿಯಷ್ಟು ದಪ್ಪ ಇದ್ದ ಗಿಡ, ಮರುಭೂಮಿಯದು ಅಂತ ಧೈರ್ಯ. ಬೇಸಿಗೆಯಿಡೀ ಗುಲಾಬಿ ಬಣ್ಣದ ಹೂ ಹೊತ್ತು ನಿಂತಿತ್ತು. ಅಕ್ಟೋಬರ್ ಮಳೆ ಎಂಟು ದಿನ ಬಿಡದೆ ಹಿಡಿಯಿತು. ಒಂಬತ್ತನೇ ದಿನ ಬುಡ ಮುಟ್ಟಿದರೆ ಹೆಬ್ಬೆರಳು ಮಾಗಿದ ಪಪ್ಪಾಯಿಯೊಳಗೆ ಹೋದ ಹಾಗೆ ಒಳಗೆ ಹೋಯಿತು. ಮೇಲಿನ ಒಂದು ಕೊಂಬೆಯಲ್ಲಿ ಬಿಳಿ ತಿರುಳು ಉಳಿದಿತ್ತು. ಅದನ್ನು ಕತ್ತರಿಸಿ, ಹತ್ತು ದಿನ ನೆರಳಲ್ಲಿ ಒಣಗಿಸಿ ಮರಳಲ್ಲಿ ಊರಿದೆ, ಚಿಗುರಿತು. ಕೊಂಬೆಯಿಂದ ಬಂದ ಗಿಡಕ್ಕೆ ಆ ದಪ್ಪ ಬುಡ ಅಷ್ಟು ಸುಲಭವಾಗಿ ಬರುವುದಿಲ್ಲ ಅನ್ನೋದು ಬೇರೆ ಮಾತು. ಅದೀಗ ಕುಂಡದಲ್ಲಿದೆ, ಮಳೆ ಹಿಡಿದರೆ ಎತ್ತಿ ಜಗುಲಿಗೆ ಇಡುತ್ತೇನೆ.

ಮಣ್ಣು ತುಂಬುವಾಗ ಎರಡು ಬಾಂಡಲಿ ಕೆಂಪು ಮಣ್ಣಿಗೆ ಒಂದು ಬಾಂಡಲಿ ದಪ್ಪ ಮರಳು, ಒಂದು ಬಾಂಡಲಿ ಸಣ್ಣ ಜಲ್ಲಿ, ಅರ್ಧ ಬಾಂಡಲಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಎಂ-ಸ್ಯಾಂಡ್ ಹಾಕುವುದಾದರೆ ಜರಡಿ ಹಿಡಿದು ಪುಡಿ ತೆಗೆಯಿರಿ, ಆ ಪುಡಿ ಮಳೆಗೆ ಗಾರೆಯ ಹಾಗೆ ಕೂತುಬಿಡುತ್ತದೆ. ಗೊಬ್ಬರ ಜಾಸ್ತಿಯಾದರೆ ಗಿಡ ಎಲೆಯಲ್ಲೇ ಸೊಕ್ಕುತ್ತದೆ, ಹೂವಿಗೆ ಬರುವುದಿಲ್ಲ.

ಬಂಡೆಗೆ ನನ್ನ ಮೊದಲ ಆಯ್ಕೆ ಕಾಶಿಕಣಗಿಲೆ. ನಿತ್ಯಪುಷ್ಪ ಅಂತಲೂ ಕರೆಯುತ್ತಾರೆ. ನಗಬೇಡಿ. ಕಾಂಪೌಂಡ್ ಗೋಡೆಯ ಬಿರುಕಲ್ಲಿ ಯಾರೂ ನೀರು ಹಾಕದೆ ಬೆಳೆದಿರುತ್ತದಲ್ಲ, ಆ ಹಳೇ ಗುಲಾಬಿ ಅಥವಾ ಬಿಳಿ ಜಾತಿಯನ್ನೇ ಕೇಳಿ ತನ್ನಿ. ನರ್ಸರಿಯಲ್ಲಿ ಟ್ರೇ ತುಂಬ ಅರಳಿ ನಿಂತ ಹೈಬ್ರಿಡ್ ಬೇಡ, ಒಂದು ಜಡಿಮಳೆಗೆ ಕಪ್ಪಾಗಿ ಮಲಗುತ್ತದೆ. ಹಳೇದು ಮೂರನೇ ವರ್ಷಕ್ಕೆ ಕಟ್ಟಿಗೆಯಾಗಿ ಬುಡ ಬೋಳಾಗುತ್ತದೆ, ಗೇಣುದ್ದ ಬಿಟ್ಟು ಕತ್ತರಿಸಿದರೆ ಮತ್ತೆ ತುಂಬಿಕೊಳ್ಳುತ್ತದೆ. ಬೀಜ ಬಿದ್ದು ಮರಿಗಳೂ ಆಗುತ್ತವೆ. ಮಡಗಾಸ್ಕರ್ ದ್ವೀಪದಿಂದ ಬಂದ ಗಿಡ. ಇದರಿಂದಲೇ ವಿನ್‌ಕ್ರಿಸ್ಟಿನ್ ಅನ್ನುವ ಕ್ಯಾನ್ಸರ್ ಔಷಧ ತೆಗೆಯುತ್ತಾರೆ. ಹಾಗಂತ ಸಕ್ಕರೆ ಕಾಯಿಲೆಗೆ ಒಳ್ಳೆಯದು ಅಂತ ಎಲೆ ಅಗಿಯುವವರನ್ನು ನೋಡಿದ್ದೇನೆ, ಅದು ವಿಷ, ಆ ಕೆಲಸಕ್ಕೆ ಹೋಗಬೇಡಿ.

ಯುಫೋರ್ಬಿಯಾ ಕೂಡ ಅದೇ ಮಡಗಾಸ್ಕರ್‌ನದು. ಮೈಯೆಲ್ಲ ಮುಳ್ಳು, ತುದಿಯಲ್ಲಿ ಪುಟ್ಟ ಕೆಂಪು ಹೂ. ನಾವು ಹೂ ಅಂದುಕೊಳ್ಳುವ ಆ ಕೆಂಪು ನಿಜವಾಗಿ ದಳ ಅಲ್ಲ, ಬಣ್ಣ ಬಂದ ಎಲೆಯಂಥದ್ದು. ಅದಕ್ಕೇ ವಾರಗಟ್ಟಲೆ ಬಾಡುವುದಿಲ್ಲ. ಪಡುವಣ ಮಗ್ಗುಲಿಗೆ ಇದಕ್ಕಿಂತ ಗಟ್ಟಿಯಾದದ್ದನ್ನು ನಾನು ಕಂಡಿಲ್ಲ. ಕತ್ತರಿಸುವಾಗ ಹಾಲು ಕಣ್ಣಿಗೆ ತಾಗದಂತೆ ಜೋಪಾನ, ಕತ್ತರಿಸಿದ ತುಂಡನ್ನು ಮೂರ್ನಾಲ್ಕು ದಿನ ಒಣಗಲು ಬಿಟ್ಟು ನೆಡಿ. ದೊಡ್ಡ ಹೂವಿನ ಥಾಯ್ ಜಾತಿ ಚೆಂದ, ಆದರೆ ಸಣ್ಣ ಹೂವಿನ ಹಳೇದರಷ್ಟು ತಾಳಿಕೆ ಅದಕ್ಕಿಲ್ಲ. ಬಂಡೆಯ ನೆತ್ತಿಯಿಂದ ಇಳಿಬಿಡಲು ರಸೀಲಿಯಾ ಹಾಕಿ, ಎಲೆಯೇ ಇಲ್ಲದ ಹಸಿರು ಕಡ್ಡಿಗಳ ತುಂಬ ಕೆಂಪು ಕೊಳವೆ ಹೂ. ಬೆಳಿಗ್ಗೆ ಸೂರಕ್ಕಿಗಳು ಬಂದು ತಲೆಕೆಳಗಾಗಿ ಜೋತಾಡುತ್ತವೆ.

ರೇನ್ ಲಿಲಿಯನ್ನು ಬಂಡೆಯ ಬುಡದ ಸುತ್ತ ನೆಡಿ. ಬೇಸಿಗೆಯಲ್ಲಿ ಹುಲ್ಲೋ ಈರುಳ್ಳಿಯೋ ಅನ್ನುವ ಹಾಗೆ ಇರುತ್ತದೆ, ಇಲ್ಲವೇ ಕಾಣಿಸುವುದೇ ಇಲ್ಲ. ಮೊದಲ ಒಳ್ಳೇ ಮಳೆ ಬಿದ್ದ ಮೂರ್ನಾಲ್ಕು ದಿನಕ್ಕೆ ಒಂದೇ ಬೆಳಗ್ಗೆ ಎಲ್ಲವೂ ಸೇರಿ ಅರಳುತ್ತವೆ. ನಲ್ಲಿ ನೀರು ಎಷ್ಟು ಹಾಕಿದರೂ ನಮ್ಮಲ್ಲಿ ಈ ಮೋಜು ನಡೆದಿಲ್ಲ.

ಇನ್ನೊಂದು ನಮ್ಮದೇ ನೆಲದ್ದು, ಅಗ್ನಿಶಿಖೆ. ನಮ್ಮ ಮಲೆನಾಡಲ್ಲಿ ಅದನ್ನು ಗೌರಿ ಹೂ ಅಂತಲೇ ಕರೆಯುವುದು. ಗೌರಿ ಹಬ್ಬದ ಹಿಂದಿನ ದಿನ ಬೇಲಿ ಸಾಲಿನಲ್ಲಿ ಅದನ್ನು ಹುಡುಕಿ ತರುವುದು ಮಕ್ಕಳ ಕೆಲಸ. ಎಲೆಯ ತುದಿಯೇ ಬಳ್ಳಿಯ ಕೈಯಾಗಿ ಪಕ್ಕದ ಕಡ್ಡಿಗೆ ಸುತ್ತಿಕೊಳ್ಳುತ್ತದೆ. ಹೂ ಹಳದಿಯಾಗಿ ಶುರುವಾಗಿ ಕೆಂಪಿಗೆ ತಿರುಗುತ್ತದೆ, ದಳಗಳೆಲ್ಲ ಹಿಂದಕ್ಕೆ ಬಾಗಿ ಉರಿ ಎದ್ದ ಹಾಗೆ. ಗೆಡ್ಡೆ ಕವಣೆಕಡ್ಡಿಯ ಹಾಗೆ ಎರಡು ತೋಳಿನದು, ಮೊಳಕೆ ಬರುವುದು ತೋಳಿನ ತುದಿಯಿಂದ. ತುದಿ ಮುರಿದರೆ ಆ ತೋಳು ಮುಗಿಯಿತು, ಅದಕ್ಕೇ ಮಲಗಿಸಿ ನೆಡಬೇಕು, ಚುಚ್ಚಬಾರದು. ಮಳೆಗಾಲ ಮುಗಿದ ಮೇಲೆ ಮೇಲೆಲ್ಲ ಒಣಗುತ್ತದೆ, ಸತ್ತಿತು ಅಂತ ಅಗೆದು ಎಸೆಯಬೇಡಿ. ಗಿಡದ ಎಲ್ಲ ಭಾಗವೂ ವಿಷ, ಗೆಡ್ಡೆಯಂತೂ ಘೋರ. ಮನೆಯಲ್ಲಿ ಚಿಕ್ಕ ಮಕ್ಕಳೋ ಕರುವೋ ಇದ್ದರೆ ಇದನ್ನು ಬಿಟ್ಟುಬಿಡಿ.

ಲಂಟಾನಾ, ವೆಡೀಲಿಯಾ ಯಾರಾದರೂ ಪುಕ್ಕಟೆ ಕೊಟ್ಟರೂ ಬೇಡ ಅನ್ನಿ. ಗಟ್ಟಿಯೇನೋ ಹೌದು, ನಮ್ಮ ಕಾಡುಗಳೇ ಲಂಟಾನಾ ಮುಂದೆ ಸೋತಿವೆ.

ಈಗ ನೆರಳಿನ ಕಡೆಗೆ. ಎಲ್ಲರೂ ನೆರಳು ಅಂದರೆ ಬಿಸಿಲು ಕಡಿಮೆ ಅನ್ನುವುದನ್ನಷ್ಟೇ ನೋಡುತ್ತಾರೆ. ಮಾವಿನ ಮರದಡಿ ಅಸಲು ತೊಂದರೆ ಬೇರು. ಮೂರು ವರ್ಷದ ಹಿಂದೆ ಬುದ್ಧಿವಂತಿಕೆ ಮಾಡಲು ಹೋಗಿ ಮಣ್ಣಿನ ಕುಂಡಗಳನ್ನೇ ನೆಲದಲ್ಲಿ ಹೂತು ಬಿಗೋನಿಯಾ ಹಾಕಿದ್ದೆ. ಮಳೆಗಾಲ ಕಳೆಯಿತು, ಗಿಡ ಮಾತ್ರ ಸೊರಗುತ್ತಲೇ ಇತ್ತು. ಒಂದು ಕುಂಡ ಎತ್ತಲು ಹೋದರೆ ಬರುವುದೇ ಇಲ್ಲ. ಸನಿಕೆ ಹಾಕಿ ಮೀಟಿ ನೋಡಿದರೆ ತಳದ ತೂತಿನಿಂದ ಮಾವಿನ ಬೇರು ಒಳನುಗ್ಗಿ, ಕುಂಡದ ಅರ್ಧದವರೆಗೆ ತೆಂಗಿನ ನಾರಿನ ಹಾಗೆ ಹೆಣೆದುಕೊಂಡಿತ್ತು. ನಾನು ಹಾಕಿದ ನೀರೆಲ್ಲ ಕುಡಿದದ್ದು ಮಾವು. ಈಗ ಕುಂಡಗಳನ್ನು ಚಪ್ಪಡಿ ಕಲ್ಲಿನ ಮೇಲೆ ಇಟ್ಟಿದ್ದೇನೆ, ಬಿಗೋನಿಯಾ ಸುಖವಾಗಿದೆ. ನೀವೂ ಮರದ ಬುಡಕ್ಕೆ ಮಣ್ಣು ಏರಿಸಿ ಮಡಿ ಮಾಡಲು ಹೋಗಬೇಡಿ, ಕಾಂಡದ ತೊಗಟೆ ಕೊಳೆಯುತ್ತದೆ.

ನೆಲದಲ್ಲೇ ಬೇಕು ಅಂದರೆ ಮೇ ಫ್ಲವರ್ ಗೆಡ್ಡೆ ಹಾಕಿ. ಫುಟ್‌ಬಾಲ್ ಲಿಲಿ ಅನ್ನುತ್ತಾರಲ್ಲ, ಅದೇ. ಮೇ ತಿಂಗಳ ಮಳೆಗೆ ನೆಲ ಸೀಳಿಕೊಂಡು ಕೆಂಪು ಚೆಂಡು ಏಳುತ್ತದೆ, ಎಲೆ ಆಮೇಲೆ. ಹೂ ಇರುವುದು ಒಂದು ವಾರ ಅಷ್ಟೆ, ಆ ಒಂದು ವಾರಕ್ಕಾಗಿ ವರ್ಷವಿಡೀ ಕಾಯಬಹುದು. ಗೆಡ್ಡೆಯನ್ನು ಪದೇ ಪದೇ ಕೆದಕಿದರೆ ಮುನಿಸಿಕೊಂಡು ಒಂದೆರಡು ವರ್ಷ ಹೂ ಬಿಡುವುದಿಲ್ಲ.

ಮರದ ನೆರಳಿನ ಅಂಚಿನಲ್ಲಿ, ಬೆಳಗಿನ ಬಿಸಿಲು ಮೂರ್ನಾಲ್ಕು ಗಂಟೆ ಬೀಳುವ ಕಡೆ, ಕನಕಾಂಬರ. ಕರಾವಳಿಯವರ ಅಬ್ಬಲಿಗೆ. ದಕ್ಷಿಣ ಭಾರತ, ಶ್ರೀಲಂಕಾದ ಮಣ್ಣಿನದೇ ಗಿಡ. ನಾಟಿ ಜಾತಿಯ ಒಣಗಿದ ತೆನೆಗೆ ನೀರು ತಾಗಿದರೆ ಪಟಕ್ಕನೆ ಸಿಡಿದು ಬೀಜ ದೂರಕ್ಕೆ ಹಾರುತ್ತದೆ. ಚಿಕ್ಕಂದಿನಲ್ಲಿ ಅಂಗೈಯಲ್ಲಿಟ್ಟು ಎಂಜಲು ಹಚ್ಚಿ ಕಾಯುತ್ತಿದ್ದೆವು. ಡೆಲ್ಲಿ ಕನಕಾಂಬರ ಅಂತ ಮಾರುವುದು ಬೀಜ ಕಟ್ಟುವುದಿಲ್ಲ, ಕಡ್ಡಿಯಿಂದಲೇ ಬೆಳೆಸಬೇಕು. ಚೆನ್ನಾಗಿದ್ದ ಗಿಡ ಕಾರಣವಿಲ್ಲದೆ ಸೊರಗಿದರೆ ಕಿತ್ತು ಬೇರು ನೋಡಿ. ಗಂಟು ಗಂಟಾಗಿದ್ದರೆ ಅದು ಜಂತುಹುಳುವಿನ ಕಾಟ. ಆ ಜಾಗದಲ್ಲಿ ಒಂದು ಸೀಸನ್ ಚೆಂಡುಹೂ ಬೆಳೆದು, ಬೇವಿನ ಹಿಂಡಿ ಸೇರಿಸಿ, ಆಮೇಲೆ ಮತ್ತೆ ಕನಕಾಂಬರ ಹಾಕಿ.

ಬಡಗಣ ಗೋಡೆಯ ಪಕ್ಕ ತೇವ ಇರುವ ನೆರಳಿದ್ದರೆ ಅದು ಬೇರೆಯದೇ ಲೋಕ. ಅಮ್ಮ ಬಚ್ಚಲ ನೀರು ಹರಿಯುವಲ್ಲಿ ಸುರುಳಿ ಸುಗಂಧಿ ಬೆಳೆಸಿದ್ದಳು, ಶುಂಠಿಯ ಜಾತಿ, ಸಂಜೆ ಬಿಳಿ ಹೂ ಅರಳಿದರೆ ಅಡುಗೆಮನೆವರೆಗೂ ಪರಿಮಳ. ತುಮಕೂರಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನನಗೂ ಬಂದಿದೆ, ಬೇರೆಲ್ಲೂ ಬರಲಿಲ್ಲ. ಪೀಸ್ ಲಿಲಿಯೂ ಅಲ್ಲಿಗೆ ಆಗುತ್ತದೆ, ಆದರೆ ತೀರಾ ಕತ್ತಲಾದರೆ ಬರೀ ಎಲೆ.

ಬ್ರಹ್ಮಕಮಲವನ್ನು ಮರೆಯಬೇಡಿ. ಹಿಮಾಲಯದ ಕಲ್ಲುಬಂಡೆಗಳ ನಡುವೆ ಬೆಳೆಯುವ ಅಸಲಿ ಬ್ರಹ್ಮಕಮಲವೇ ಬೇರೆ, ಅದು ಇಲ್ಲಿ ಬದುಕುವುದಿಲ್ಲ. ನಾವು ಜಾಗರಣೆ ಮಾಡಿ ಫೋಟೋ ತೆಗೆಯುವುದು ಅಮೆರಿಕದ ಕಡೆಯಿಂದ ಬಂದ ಒಂದು ಕಳ್ಳಿ. ಮಾವಿನ ಕೊಂಬೆಗೆ ಕುಂಡ ತೂಗುಹಾಕಿ ಮರೆತುಬಿಡಿ. ನನ್ನದಕ್ಕೆ ಗೊಬ್ಬರ ಹಾಕಿ ಉಪಚಾರ ಮಾಡಿದ ವರ್ಷ ಒಂದೂ ಹೂ ಬರಲಿಲ್ಲ, ಊರಿಗೆ ಹೋಗಿ ಎರಡು ತಿಂಗಳು ಬಿಟ್ಟ ವರ್ಷ ಹನ್ನೊಂದು ಬಿಟ್ಟಿತು. ಮರದ ಮೇಲೆ ಬೆಳೆಯುವ ಆರ್ಕಿಡ್ ಸೀತಾಳೆ ದಂಡೆಯನ್ನೂ ಅದೇ ಮರಕ್ಕೆ ಕಟ್ಟಿ ಎರಡು ಸಲ ಸೋತಿದ್ದೇನೆ. ತುಮಕೂರಿನ ಒಣಗಾಳಿ ಅದಕ್ಕೆ ಆಗಿಬರಲಿಲ್ಲ.

ಕೊಳ್ಳುವಾಗ ಒಂದು ಮಾತು. ಹೊಸ ನರ್ಸರಿಗಳ ಸಸಿ ಬರೀ ತೆಂಗಿನ ನಾರಿನ ಪುಡಿಯಲ್ಲಿರುತ್ತದೆ. ಹಾಗೇ ನೆಟ್ಟರೆ ಸುತ್ತ ಮಣ್ಣು ಒದ್ದೆ, ಬೇರಿನ ಉಂಡೆ ಮಾತ್ರ ಒಣ. ಮೊದಲು ಬಕೆಟ್ಟಿನಲ್ಲಿ ಮುಳುಗಿಸಿ, ಹೊರಗಿನ ಪುಡಿ ಉದುರಿಸಿ, ಬೇರು ಮಣ್ಣಿಗೆ ತಾಗುವಂತೆ ನೆಡಿ. ಎರಡು ಮಳೆ ಬಿದ್ದ ಮೇಲೆ ಜೂನ್‌ನಲ್ಲಿ ನೆಡುವುದು ಒಳ್ಳೆಯದು, ಕೊಳೆಯುವ ಸ್ವಭಾವದ ಅಡೇನಿಯಂ, ಯುಫೋರ್ಬಿಯಾಗಳನ್ನು ಮಾತ್ರ ಫೆಬ್ರುವರಿಗೆ ಇಟ್ಟುಕೊಳ್ಳಿ. ಇವುಗಳಲ್ಲಿ ಅರ್ಧಕ್ಕರ್ಧ ದುಡ್ಡು ಕೊಡದೆಯೇ ಸಿಗುತ್ತವೆ, ಬೀದಿಯಲ್ಲಿ ಯಾರ ಮನೆ ಮುಂದೆ ಇದೆ ನೋಡಿ ಒಂದು ಕಡ್ಡಿ ಕೇಳಿ. ನಮ್ಮ ಮನೆಯ ರೇನ್ ಲಿಲಿ ಹೋದ ವರ್ಷ ದಾರಿಗೆಲ್ಲ ಹಬ್ಬಿ, ಕಿತ್ತ ಗೆಡ್ಡೆಯೇ ಅರ್ಧ ಸಿಮೆಂಟ್ ಚೀಲ ಆಯಿತು. ಹಾಲಿನವನಿಗೂ ಕೊಟ್ಟು ಕಳಿಸಿದೆ.