13 ತಂಡಗಳಿಗೆ ಆಡಿದ ಪಿಚರ್ ಅಂದ್ರೆ ಆಟ ಅಷ್ಟಕ್ಕಷ್ಟೇ ಅಂತಾನಾ?

ನೀವು ಕೇಳಿದ್ದು ಬೇಸ್‌ಬಾಲ್‌ನ ಪಿಚರ್ (ಚೆಂಡು ಎಸೆಯುವವರು) ಒಕ್ಟಾವಿಯೊ ಡೊಟೆಲ್ ಬಗ್ಗೆ. ಅಷ್ಟು ತಂಡ ಸುತ್ತಿದ್ದಾರೆ ಅಂದ್ರೆ ಯಾರಿಗೂ ಬೇಡವಾಗಿದ್ದರು ಅಂತ ತಾನೇ, ಅಂತ. ನನ್ನ ಪ್ರಕಾರ ಅಲ್ಲ. ಬೇಡದವರನ್ನು ಮೂರನೇ ತಂಡದ ಹೊತ್ತಿಗೇ ಮನೆಗೆ ಕಳಿಸುತ್ತಾರೆ. ಇವರು 1999ರಿಂದ 2013ರವರೆಗೆ ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನಲ್ಲಿದ್ದರು.

ಅವರ ಕೆಲಸವೇ ಅಂಥದ್ದು. ಒಂಬತ್ತು ಇನಿಂಗ್ಸ್‌ನ ಪಂದ್ಯ ಶುರು ಮಾಡುವ ಪಿಚರ್, ಅಂದ್ರೆ ಸ್ಟಾರ್ಟರ್, ಐದಾರು ಇನಿಂಗ್ಸ್ ಎಸೆದು ಸುಸ್ತಾದ ಮೇಲೆ ಬಂದು, ಒಂದು ಇನಿಂಗ್ಸ್ ಜೋರಾಗಿ ಎಸೆದು ಹೋಗುವವರು ರಿಲೀಫ್ ಪಿಚರ್. ಜುಲೈ ಕೊನೆ ಬಂತು ಅಂದ್ರೆ, ಗೆಲ್ಲುವ ಆಸೆ ಇರುವ ತಂಡಗಳೆಲ್ಲ ಇಂಥವರನ್ನು ಹುಡುಕುತ್ತವೆ, ಆಸೆ ಬಿಟ್ಟ ತಂಡಗಳು ಇವರನ್ನು ಕೊಟ್ಟು ಬದಲಿಗೆ ಎಳೆ ಹುಡುಗರನ್ನು ತಗೊಳ್ಳುತ್ತವೆ. ಆಟಗಾರನನ್ನು ಯಾರೂ ಕೇಳುವುದಿಲ್ಲ. ಬೇಡ ಅನ್ನಬೇಕಾದರೆ ಕರಾರಿನಲ್ಲೇ ಬರೆಸಿಕೊಂಡಿರಬೇಕು, ಇಲ್ಲಾಂದ್ರೆ ಲೀಗ್‌ನಲ್ಲಿ 10 ವರ್ಷ ಆಗಿ, ಅದರಲ್ಲಿ ಕೊನೆಯ 5 ವರ್ಷ ಒಂದೇ ತಂಡದಲ್ಲಿ ಕಳೆದಿರಬೇಕು. ಡೊಟೆಲ್‌ಗೆ ಆ ಭಾಗ್ಯ ಎಲ್ಲಿಂದ ಬರಬೇಕು! (ಐಪಿಎಲ್‌ನಲ್ಲಿ ಆರನ್ ಫಿಂಚ್ 9 ತಂಡ ಸುತ್ತಿದರು, ಅವರನ್ನು ಕೆಟ್ಟ ಬ್ಯಾಟ್ಸ್‌ಮನ್ ಅಂತ ಯಾರಾದರೂ ಅಂತಾರಾ?)

ಡೊಟೆಲ್ ಡೊಮಿನಿಕನ್ ರಿಪಬ್ಲಿಕ್‌ನ ರಾಜಧಾನಿ ಸಾಂಟೊ ಡೊಮಿಂಗೊದ ಹುಡುಗ, ಮೊದಲು ಆಡಿದ್ದು ನ್ಯೂಯಾರ್ಕ್ ಮೆಟ್ಸ್‌ಗೆ. ಒಂದೇ ವರ್ಷಕ್ಕೆ ಹ್ಯೂಸ್ಟನ್ ಆಸ್ಟ್ರೋಸ್‌ಗೆ ಟ್ರೇಡ್ ಆದರು. ಒಳ್ಳೆಯ ಕಾಲ ಅಂದ್ರೆ ಅದೇ. 2003ರ ಜೂನ್ 11ರಂದು ಯಾಂಕೀಸ್ ವಿರುದ್ಧ ಅವರದೇ ಮೈದಾನದಲ್ಲಿ ಆಸ್ಟ್ರೋಸ್ ಸ್ಟಾರ್ಟರ್ ರಾಯ್ ಓಸ್ವಾಲ್ಟ್ ಗಾಯಗೊಂಡು ಬೇಗನೇ ಹೊರನಡೆದರು, ಆಮೇಲೆ ಐವರು ರಿಲೀವರ್‌ಗಳು ಸರದಿಯಲ್ಲಿ ಬಂದು ಒಂದೇ ಒಂದು ಹಿಟ್ (ಬ್ಯಾಟರ್ ಚೆಂಡು ಹೊಡೆದು ಬೇಸ್ ಮುಟ್ಟುವುದು) ಕೊಡದೆ ಪಂದ್ಯ ಮುಗಿಸಿದರು. ಡೊಟೆಲ್ ಎಸೆದದ್ದು ಎಂಟನೇ ಇನಿಂಗ್ಸ್. ಅದರಲ್ಲಿ ನಾಲ್ಕು ಸ್ಟ್ರೈಕ್‌ಔಟ್ (ಮೂರು ಸಲ ಚೆಂಡು ಹೊಡೆಯಲಾಗದೆ, ಅಂದ್ರೆ ಮೂರು ಸ್ಟ್ರೈಕ್ ಆಗಿ, ಬ್ಯಾಟರ್ ಔಟ್)! ಮೂರು ಔಟ್‌ಗೆ ಇನಿಂಗ್ಸ್ ಮುಗಿಯುತ್ತಲ್ಲ, ನಾಲ್ಕು ಹೇಗೆ ಅಂತೀರಾ? ಮೂರನೇ ಸ್ಟ್ರೈಕ್‌ನ ಚೆಂಡು ಬ್ಯಾಟರ್ ಹಿಂದಿರುವ ಕ್ಯಾಚರ್ ಕೈ ತಪ್ಪಿದರೆ ಬ್ಯಾಟರ್ ಮೊದಲ ಬೇಸ್‌ಗೆ ಓಡಬಹುದು. ಓಡಿ ಮುಟ್ಟಿದರೆ ಔಟ್ ಇಲ್ಲ, ಆದರೂ ಪಿಚರ್ ಲೆಕ್ಕಕ್ಕೆ ಸ್ಟ್ರೈಕ್‌ಔಟ್ ಸೇರುತ್ತೆ. ಅವತ್ತು ಆದದ್ದು ಅದೇ.

ಆಮೇಲೆ 2004ರಲ್ಲಿ ಓಕ್ಲೆಂಡ್, ಅಲ್ಲಿ ಕೊನೆಯ ಇನಿಂಗ್ಸ್ ಕಾಯುವ ಕ್ಲೋಸರ್ ಕೆಲಸ. ಅದಕ್ಕಿಂತ ಅದರ ಹಿಂದಿನ ಇನಿಂಗ್ಸೇ ಅವರಿಗೆ ಸರಿಹೊಂದುತ್ತಿತ್ತು ಅಂತ ನನಗೆ ಯಾವಾಗಲೂ ಅನ್ನಿಸಿದೆ. 2005ರಲ್ಲಿ ಮೊಣಕೈಗೆ ಟಾಮಿ ಜಾನ್ ಆಪರೇಷನ್ (ಹರಿದ ಲಿಗಮೆಂಟ್ ಬದಲಿಸುವುದು). ಅಲ್ಲಿಂದ ಅಲೆದಾಟ ಶುರು: ಯಾಂಕೀಸ್, ರಾಯಲ್ಸ್, ಬ್ರೇವ್ಸ್, ವೈಟ್ ಸಾಕ್ಸ್. 2010 ಒಂದೇ ವರ್ಷದಲ್ಲಿ ಪೈರೇಟ್ಸ್, ಡಾಡ್ಜರ್ಸ್, ರಾಕೀಸ್. ಜರ್ಸಿ ಒಗೆದು ಒಣಗುವಷ್ಟರಲ್ಲಿ ಊರು ಬದಲು.

2011ರಲ್ಲಿ ಟೊರಾಂಟೊದಿಂದ ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ಗೆ ಕಳಿಸಿದರು. ಅದೇ ವರ್ಷ ಆ ತಂಡ ಲೀಗ್‌ನ ಫೈನಲ್ ಆದ ವರ್ಲ್ಡ್ ಸೀರೀಸ್ ಗೆದ್ದಿತು. ಹೆಸರಿಗೆ ತಂಡದಲ್ಲಿದ್ದರು ಅಂತಲ್ಲ, ಅವರು ಬೇಕು ಅಂತಲೇ ತಂದದ್ದು, ಚೆನ್ನಾಗಿ ಬಳಸಿಕೊಂಡದ್ದೂ ಹೌದು. 2012ರಲ್ಲಿ ಡೆಟ್ರಾಯ್ಟ್ ಟೈಗರ್ಸ್ ಸೇರಿದಾಗ 13ನೇ ತಂಡ, ಆಗಿನ ದಾಖಲೆ. 2013ರಲ್ಲಿ ದೇಶಗಳ ನಡುವಿನ ಟೂರ್ನಿ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ ಗೆದ್ದ ಡೊಮಿನಿಕನ್ ತಂಡದಲ್ಲೂ ಇದ್ದರು. ಒಟ್ಟು 951 ಇನಿಂಗ್ಸ್‌ಗೆ 1143 ಸ್ಟ್ರೈಕ್‌ಔಟ್. ಇನಿಂಗ್ಸ್‌ಗೆ ಒಂದಕ್ಕಿಂತ ಜಾಸ್ತಿ, ಅಷ್ಟು ವರ್ಷ! ಇದು ಅಷ್ಟಕ್ಕಷ್ಟೇ ಆಟದವರ ಲೆಕ್ಕ ಅಲ್ಲ.

ತೀರಿಹೋದ ರೀತಿ ಮಾತ್ರ ಸಂಕಟ. 2025ರ ಏಪ್ರಿಲ್ 8ರಂದು ಸಾಂಟೊ ಡೊಮಿಂಗೊದ ಜೆಟ್ ಸೆಟ್ ನೈಟ್‌ಕ್ಲಬ್‌ನ ಚಾವಣಿ ಕುಸಿಯಿತು, ಸತ್ತವರು 200ಕ್ಕೂ ಹೆಚ್ಚು. ಅದರಲ್ಲಿ ಡೊಟೆಲ್ ಕೂಡ ಒಬ್ಬರು. 51 ವಯಸ್ಸು.

ದಾಖಲೆ ಈಗ ಅವರದಲ್ಲ. 2019ರಲ್ಲಿ ಎಡ್ವಿನ್ ಜಾಕ್ಸನ್ 14ನೇ ತಂಡ ಸೇರಿ ಮುರಿದರು. 2011ರಲ್ಲಿ ಕಾರ್ಡಿನಲ್ಸ್‌ಗೆ ಡೊಟೆಲ್ ಜೊತೆ ಅದೇ ಟ್ರೇಡ್‌ನಲ್ಲಿ ಬಂದವರೇ ಈ ಜಾಕ್ಸನ್. 2025ರಲ್ಲಿ ರಿಚ್ ಹಿಲ್ ಕೂಡ 14 ಮುಟ್ಟಿದರು. ಆದರೆ ಇವರಿಬ್ಬರೂ ಹೆಚ್ಚಾಗಿ ಸ್ಟಾರ್ಟರ್‌ಗಳು, ಹಾಗಾಗಿ ರಿಲೀವರ್‌ಗಳ ಅಲೆದಾಟದ ಮಾತು ಬಂದರೆ ನಾನು ಈಗಲೂ ಮೊದಲು ಹೇಳುವ ಹೆಸರು ಡೊಟೆಲ್‌ದೇ.